ಕೊಂಡವಾಡದ ಎತ್ತು

ಎಂಬತ್ತರ ದಶಕದ ಮೊದಲಿನ ಮಾತು. ಮೊರಬದಲ್ಲಿ ನಮ್ಮ ಮನೆಯ ಮುಂದಿನ ಖೋಲಿಯಲ್ಲಿ ಸರ್ಕಾರಿ ದವಾಖಾನೆಯ ನರ್ಸಬಾಯಿ ಬಾಡಿಗೆಗೆ ಇದ್ದರು. ಕ್ರಿಶ್ಚಿಯನ್ನರು. ಸಂಜೆ ಕಟ್ಟೆಯ ಮೇಲೆ ಕೂತು ಹುಡುಗಿಯರಾದ ನಮಗೆ ತಮ್ಮ ಹಳೆಯ ಗ್ರಂಥದ ಕಥೆ ಹೇಳುತ್ತಿದ್ದರು. ಅಪ್ಪನ ತಾಯಿ, ನಮ್ಮ ಆಯಿ, ಬಾಜೂಕ ಜೋಳ ಹಸನು ಮಾಡುತ್ತ, ಕೇಳಿಸಿಕೊಳ್ಳದವಳ ಹಾಗೆ ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ಈಗಲೂ ಜೋಳ ಕೇರುವ ಸಪ್ಪಳಕ್ಕೆ ಆ ಕಟ್ಟೆ ನೆನಪಾಗುತ್ತದೆ.

ಒಂದು ಮುಂಜಾನೆ ಆಯಿಯ ತಮ್ಮನ ಎತ್ತು ನಮ್ಮ ಹೊಲಕ್ಕೆ ನುಗ್ಗಿ ಬೆಳೆ ಮೇಯ್ದಿತು. ಅಕ್ಕ ತಮ್ಮ ಮೊದಲಿಂದಲೂ ಎತ್ತು ಏರಿಗೆ, ಕೋಣ ನೀರಿಗೆ. ಬದುವಿನ ಜಗಳದಲ್ಲಿ ಮಾತೂ ಬಿಟ್ಟಿದ್ದರು. ಆಯಿ ಎತ್ತನ್ನು ಕೊಂಡವಾಡಕ್ಕೆ, ಬೆಳೆ ತಿಂದ ದನ ಕೂಡಿಹಾಕುವ ದೊಡ್ಡಿಗೆ, ಹಾಕಿಸಿದಳು. "ಅವ ಬಂದು ಕಾಲಿಗೆ ಬೀಳೂತನಕಾ ಬಿಡಸೂದಿಲ್ಲ," ಎಂದು ಓಣಿಗೆಲ್ಲ ಸಾರಿದಳು. ತಮ್ಮ ಬರಲಿಲ್ಲ. ನನಗೆ ಎತ್ತಿನದೇ ಚಿಂತೆ. ಅದು ನಮ್ಮ ಮನೆಯಲ್ಲೇ ಹುಟ್ಟಿದ್ದು. ಕರುವಿದ್ದಾಗ ಆಯಿಯೇ ತಮ್ಮನಿಗೆ ಕೊಟ್ಟಿದ್ದಳು.

ಆ ಸಂಜೆಯ ಕಥೆಯಲ್ಲಿ ದೇವರು ಒಬ್ಬ ಪ್ರವಾದಿಯನ್ನು ಪಾಪಿಗಳ ಪಟ್ಟಣಕ್ಕೆ ಕಳಿಸುತ್ತಾನೆ. ಈ ಊರು ನಾಶವಾಗುತ್ತದೆ ಎಂದು ಅವನು ಬೀದಿಬೀದಿ ಕೂಗುತ್ತಾನೆ. ಊರವರು ಹೆದರಿ, ಗೋಣಿತಟ್ಟು ಹೊದ್ದು ಉಪವಾಸ ಕೂರುತ್ತಾರೆ. ದನಗಳಿಗೂ ಮೇವಿಲ್ಲ, ನೀರಿಲ್ಲ. ದೇವರು ಕನಿಕರದಿಂದ ಶಿಕ್ಷೆ ಕೈಬಿಡುತ್ತಾನೆ. ಪ್ರವಾದಿಗೆ ಕೆಂಡದಂಥ ಸಿಟ್ಟು.

ಆಯಿ ಮೊರ ಕೆಳಗಿಟ್ಟಳು. "ಅವನ ಸಿಟ್ಟು ಬರೋಬ್ಬರಿ ಐತ್ರಿ. ಊರ ತುಂಬ ಒದರಿ ಬಂದ ಮ್ಯಾಲೆ ದೇವರು ಮಾತು ತಿರುಗಿಸಿದ್ರ ಇವ ಮಾರಿ ಎಲ್ಲಿ ಇಡಬೇಕು?"

ನರ್ಸಬಾಯಿ ನಕ್ಕರು. "ದೇವರು ಅವನ್ನ ತಿರುಗಿ ಕೇಳ್ತಾನ್ರಿ, ಏನೂ ತಿಳೀದ ಇಷ್ಟು ಮಂದಿ ಅದಾರ, ದನಾನೂ ಭಾಳ ಅದಾವ, ನನಗ ಕನಿಕರ ಬರಬಾರದೇನು ಅಂತ."

"ದನಾನೂ ಅಂದ್ನೇನು?"

"ಹೌದ್ರಿ. ಕಥಿ ಅಲ್ಲಿಗೇ ಮುಗೀತೈತಿ."

ಆಯಿ ಎದ್ದಳು. ಹಿತ್ತಲಿಂದ ಕಣಿಕೆಯ ಸಿವುಡು, ಒಣ ಜೋಳದ ದಂಟಿನ ಕಟ್ಟು, ತಲೆಗೇರಿಸಿ, ನನ್ನ ಕೈಗೆ ನೀರಿನ ಕೊಡ ಕೊಟ್ಟು, "ನಡಿಯವಾ" ಎಂದಳು.

ಕೊಂಡವಾಡದ ಗೋಡೆಗೆ ಒರಗಿ ಅವಳ ತಮ್ಮ ನಿಂತಿದ್ದ. ಅವನ ಕಂಕುಳಲ್ಲೂ ಒಂದು ಸಿವುಡು. ಆಯಿಯನ್ನು ಕಂಡು ಎತ್ತು ಒಳಗಿಂದ ಒದರಿತು.

ಕಾವಲುಗಾರ ಹಲ್ಲು ಕಿರಿದ. "ಏನಾಯೀ, ಕಾಲಿಗೆ ಬೀಳೂತನಕಾ ಬಿಡಸೂದಿಲ್ಲ ಅಂದಿದ್ರಿ?"

"ಬಾಗಲಾ ತಗೀಯೋ. ದೇವರೇ ಮಾತು ತಿರುಗಿಸ್ಯಾನಂತ, ನಂದೇನು ದೊಡ್ಡದು?"

ಕಾವಲುಗಾರ ಎತ್ತನ್ನು ಹೊರಗೆ ಬಿಟ್ಟ. ತಮ್ಮ ಮುಂದೆ ಬಂದು ಅವಳ ತಲೆಯ ಸಿವುಡಿಗೆ ಕೈ ಹಚ್ಚಿದ. "ಭಾರ ಐತಿ, ಕೊಡು ಅಕ್ಕಾ."

ಎಷ್ಟೋ ವರ್ಷದ ಮೇಲೆ ಅವನ ಬಾಯಲ್ಲಿ ಆ ಶಬ್ದ ಕೇಳಿ, ಆಯಿ ಎತ್ತಿನ ಕೊರಳು ತಬ್ಬಿಕೊಂಡು ಅತ್ತಳು.