ವೈನೆಲ್ ಅತ್ತೆಯ ಕೈಚೀಲ

ಗುರುವಾರ ಬಂತೆಂದರೆ ಮಾರ್ಗೊ ಪುಸ್ತಕಗಳನ್ನು ತಪ್ಪು ಕಪಾಟಿನಲ್ಲಿ ಇಡುತ್ತಿದ್ದಳು. ಗುರುವಾರ ಅವಳಿಗೆ ಲೈಬ್ರರಿಯಲ್ಲಿ ಕೆಲಸ, ಮಗ ಹ್ಯಾಂಕ್ ಅಜ್ಜಿಯ ಮನೆಯಲ್ಲಿ. ಅಜ್ಜಿಯ ಮನೆಯಲ್ಲಿ ಅಜ್ಜಿಯ ಕೈಚೀಲ. ಆ ಕೈಚೀಲದಲ್ಲಿ ಹ್ಯಾಂಕ್ ಜೀವ ಬಿಡುವ ಕೆಂಪು ಪಟ್ಟೆಯ ಪೆಪ್ಪರ್‌ಮಿಂಟುಗಳು. ಅವುಗಳ ಪಕ್ಕದಲ್ಲೇ, ಲಿಪ್‌ಸ್ಟಿಕ್ಕು, ಕರವಸ್ತ್ರ, ಸೋಪಿನ ಕೂಪನ್ನುಗಳ ನಡುವೆ, ಗುಂಡು ತುಂಬಿದ ಒಂದು ಪುಟ್ಟ ರಿವಾಲ್ವರ್.

ಬೇರೆ ಮಗುವಾಗಿದ್ದರೆ ಮಾರ್ಗೊ ಇಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲವೇನೋ. ಆದರೆ ಮೂರು ವರ್ಷದ ಹ್ಯಾಂಕ್ ಬಿಚ್ಚದ ಚಿಲಕ ಆ ಊರಿನಲ್ಲಿ ಇರಲಿಲ್ಲ. ಮಕ್ಕಳ ಕೈಗೆ ಬಗ್ಗಬಾರದೆಂದು ಕಂಪನಿಯವರು ತಲೆ ಕೆರೆದು ಕೆರೆದು ಮಾಡಿದ ಮಾತ್ರೆ ಡಬ್ಬಿಯ ಮುಚ್ಚಳ ಅವನಿಗೆ ಎಡಗೈ ಕೆಲಸ. ಅತ್ತೆ ವೈನೆಲ್ ತನ್ನ ಕೀಲುನೋವಿನ ಮಾತ್ರೆಯ ಡಬ್ಬಿಯನ್ನು ಅವನ ಕೈಯಿಂದಲೇ ತೆಗೆಸುತ್ತಿದ್ದಳು. ಅದನ್ನು ಚರ್ಚಿನ ಊಟದಲ್ಲಿ ಎಲ್ಲರೆದುರು ಹೇಳಿಯೂ ಬಿಟ್ಟಿದ್ದಳು.

"ನನ್ನ ಬೆರಳಿಗೆ ಆಗಲ್ಲಪ್ಪ. ನಮ್ ಹ್ಯಾಂಕ್ ಒಂದ್ಸಲ ಒತ್ತಿ ತಿರುಗಿಸಿದ ಅಂದ್ರೆ ಟಪ್ಪಂತ ಬಿಚ್ಕೊಳ್ಳುತ್ತೆ!"

ಊಟದ ಮೇಜಿಗೆ ಮೇಜೇ ನಕ್ಕಿತು. ಮಾರ್ಗೊ ಮಾತ್ರ ಆಲೂಗಡ್ಡೆಯನ್ನು ಚಮಚದಿಂದ ಹಿಸುಕುತ್ತಾ ಕೂತಳು.

ವೈನೆಲ್ ಕೆಟ್ಟವಳೇನಲ್ಲ. ಒಕ್ಲಹೋಮಾದ ಆ ಮೂಲೆಯಲ್ಲಿ ಅವಳನ್ನು ಇಷ್ಟಪಡದವರನ್ನು ಹುಡುಕಬೇಕಾದರೆ ಪಕ್ಕದ ಜಿಲ್ಲೆಗೆ ಹೋಗಬೇಕು. ಆಯುಷ್ಯದ ಮುಕ್ಕಾಲು ಪಾಲು ಶಾಲೆಯ ಹಳದಿ ಬಸ್ಸು ಓಡಿಸಿದವಳು. ಹಿಂದಿನ ಸೀಟಿನಲ್ಲಿ ಹುಡುಗರು ಜುಟ್ಟು ಹಿಡಿದುಕೊಂಡರೆ ಬ್ರೇಕು ಹಾಕುತ್ತಿರಲಿಲ್ಲ, ಬಾಯಿ ಮಾಡುತ್ತಿರಲಿಲ್ಲ. ಕನ್ನಡಿಯಲ್ಲಿ ಒಮ್ಮೆ ನೋಡಿದರೆ ಮುಗಿಯಿತು. ಆ ಹುಡುಗರೇ ಈಗ ಊರಿನ ಪೊಲೀಸು, ಪಾದ್ರಿ, ದಂತವೈದ್ಯ. ಅವಳು ಎದುರಿಗೆ ಬಂದರೆ ಇವತ್ತಿಗೂ ನೆಟ್ಟಗೆ ಕೂರುತ್ತಾರೆ. ಯಾರ ಮನೆಯಲ್ಲಿ ಕಾಯಿಲೆಯಾದರೂ ಸಂಜೆಯೊಳಗೆ ವೈನೆಲ್ ಮಾಡಿದ ಚಿಕನ್ನು-ನೂಡಲ್ಲಿನ ಪಾತ್ರೆ ಬಾಗಿಲಿಗೆ ಬಂದಿರುತ್ತಿತ್ತು.

ರಿವಾಲ್ವರು ತೀರಿಹೋದ ಗಂಡ ರಾಯ್ಸ್ ಮದುವೆಯ ವಾರ್ಷಿಕೋತ್ಸವಕ್ಕೆ ಕೊಟ್ಟಿದ್ದು. ಅವಳು ಕೇಳಿದ್ದು ಪಾತ್ರೆ ತೊಳೆಯುವ ಮೆಷಿನ್ನು. ಡಬ್ಬಿ ಬಿಚ್ಚಿ ನೋಡಿ ಅತ್ತಳಂತೆ; ರಾಯ್ಸ್ ಅದನ್ನು ಆನಂದಬಾಷ್ಪವೆಂದೇ ಸಾಯುವ ತನಕ ನಂಬಿದ್ದ. ಅಂದಿನಿಂದ ಅದು ಚೀಲದಲ್ಲೇ ಇದೆ. ಅದರಿಂದ ಅವಳು ಗುಂಡು ಹಾರಿಸಿದ್ದು ಒಂದೇ ಸಲ, ಹಿತ್ತಲ ಜಗಲಿಗೆ ಬಂದ ಹಾವಿಗೆ. ಗುಂಡು ಬಟ್ಟೆ ಒಗೆಯುವ ಮೆಷಿನ್ನಿಗೆ ತಗುಲಿತು.

"ಆದ್ರೆ ಆ ಹಾವು ಮತ್ತೆ ಈ ಕಡೆ ತಲೆ ಹಾಕ್ತಾ?" ಎಂದು ಇವತ್ತಿಗೂ ಕೇಳುತ್ತಾಳೆ.

ಇಂಥವಳನ್ನು ಮಾರ್ಗೊ ಕೇಳಬೇಕಾಗಿದ್ದುದು ಒಂದೇ ಮಾತು. ನನ್ನ ಮಗ ನಿಮ್ಮನೆಯಲ್ಲಿರುವಾಗ ಆ ರಿವಾಲ್ವರ್ ಎಲ್ಲಿರುತ್ತದೆ? ಶಿಕಾಗೋದಲ್ಲಿ ಓದಿದವಳು, ನಾಲ್ಕು ಜನರೆದುರು ಭಾಷಣ ಮಾಡಿ ಬಹುಮಾನ ತಂದವಳು, ಈ ಒಂದು ಮಾತನ್ನು ಮಾತ್ರ ಕೇಳಲಾರದೆ ಉಳಿದಿದ್ದಳು. ಕಾರಣವಿತ್ತು. ಮದುವೆಯಾದ ಹೊಸತರಲ್ಲಿ ಅತ್ತೆ ಮಾಡಿದ ಹಸಿರು ಸಿಹಿ ಜೆಲ್ಲಿಯಲ್ಲಿ ಕ್ಯಾರೆಟ್ಟು ತೇಲುತ್ತಿರುವುದನ್ನು ಕಂಡು, "ಇದು ಊಟಕ್ಕೋ, ಆಮೇಲಿನ ಸಿಹಿಗೋ?" ಎಂದು ಸುಮ್ಮನೆ ಕೇಳಿದ್ದಳು. ಅಂದಿನಿಂದ ಪ್ರತಿ ಹಬ್ಬದಲ್ಲೂ ವೈನೆಲ್ ಮೃದುವಾಗಿ, "ಜೆಲ್ಲಿ ಮಾಡ್ಲಿಲ್ಲ ಕಣ್ರೋ, ಮಾರ್ಗೊಗೆ ಸೇರಲ್ಲ" ಎನ್ನುತ್ತಾಳೆ. ಇಡೀ ಬಳಗ ಮಾರ್ಗೊಳ ಕಡೆ ನೋಡುತ್ತದೆ. ಜೆಲ್ಲಿಗೇ ಇಷ್ಟಾದರೆ, ನಿಮ್ಮ ಕೈಯಲ್ಲಿ ಮಗು ಕ್ಷೇಮವೇ ಎಂದು ಕೇಳಿದರೆ ಏನಾದೀತು?

ಗಂಡ ಟ್ರೆಂಟ್‌ನನ್ನು ಮುಂದೆ ಬಿಡಲು ನೋಡಿದಳು.

"ನೀನೇ ಕೇಳಬಾರದಾ ನಿಮ್ಮಮ್ಮನ್ನ?"

"ಏನಂತ ಕೇಳಲಿ? ನಾನೂ ಅದೇ ಮನೇಲಿ ಬೆಳೆದೆ, ಅದೇ ಬ್ಯಾಗಿತ್ತು. ಸತ್ನಾ?"

"ನಿನಗೆ ಈಗಲೂ ಉಪ್ಪಿನಕಾಯಿ ಜಾಡಿ ಮುಚ್ಚಳ ತೆಗೆಯೋಕೆ ಬರಲ್ಲ, ಟ್ರೆಂಟ್. ಇವನು ಹಂಗಲ್ಲ."

ಟ್ರೆಂಟ್‌ಗೆ ಅದು ನಿಜವೆನಿಸಿತು. ಆದರೆ ಕೇಳಲಿಲ್ಲ. ಅವನೂ ಆ ಬಸ್ಸಿನಲ್ಲಿ ಕೂತು ಬೆಳೆದವನೇ.

ಕೊನೆಗೆ ಮಾರ್ಗೊ ತಾನೇ ಧೈರ್ಯ ಮಾಡಿದಳು. ಒಂದು ಸಂಜೆ ಜಗಲಿಯಲ್ಲಿ ಕೂತಾಗ, ಹಿರಿಯ ಹೆಂಗಸರನ್ನೆಲ್ಲ ಮಿಸ್ ಎಂದೇ ಕರೆಯುವ ಆ ಊರಿನ ರೂಢಿಯಂತೆ, "ಮಿಸ್ ವೈನೆಲ್, ನಿಮ್ಮ ಹತ್ರ... ಆ ರಿವಾಲ್ವರ್ ವಿಷಯ... ಸ್ವಲ್ಪ ಕೇಳಬೇಕಿತ್ತು" ಎಂದಳು.

ವೈನೆಲ್‌ಳ ಮುಖ ದೀಪ ಹಚ್ಚಿದಂತಾಯಿತು. "ಅಯ್ಯೋ ನನ್ ಚಿನ್ನ! ನಾಚ್ಕೊಳ್ಳೋದು ಯಾಕೆ? ನಿನಗೂ ಒಂದು ಬೇಕು ಅಂತ ಬಾಯಿಬಿಟ್ಟು ಹೇಳೋಕೆ ಇಷ್ಟು ದಿನ ಬೇಕಾಯ್ತಾ?"

ಆ ಊರಿನಲ್ಲಿ ಸೊಸೆಯೊಬ್ಬಳು ತೊದಲುತ್ತಾ ರಿವಾಲ್ವರಿನ ಮಾತೆತ್ತಿದರೆ ಯಾರು ತಾನೇ ಬೇರೆ ಅರ್ಥ ಮಾಡಿಕೊಂಡಾರು? ಭಾನುವಾರದ ಹೊತ್ತಿಗೆ ಚರ್ಚಿನವರೆಲ್ಲ ಅವಳ ಕೈ ಕುಲುಕಿದರು. ಕ್ರಿಸ್‌ಮಸ್‌ಗೆ ಅತ್ತೆಯಿಂದ ರಿವಾಲ್ವರ್ ಸಿಕ್ಕಿಸಿಕೊಳ್ಳುವ ಚರ್ಮದ ಒರೆ ಬಂತು. ಮಾರ್ಗೊ ಮತ್ತೆ ಕೇಳಲು ಹೋದಳು. ಹುಟ್ಟುಹಬ್ಬಕ್ಕೆ ಅದನ್ನು ಬಚ್ಚಿಡುವ ಕಳ್ಳಜೇಬಿನ ಕೈಚೀಲ ಬಂತು. ಮೂರನೆಯ ಸಲ ಬಾಯಿ ತೆರೆಯುವಷ್ಟರಲ್ಲಿ ವೈನೆಲ್ ಅವಳ ಹೆಸರನ್ನು ಗುಂಡು ಹೊಡೆಯುವ ತರಗತಿಗೆ ಬರೆಸಿಯಾಗಿತ್ತು. ಹೀಗೆ ಕೇಳಲಾಗದ ಒಂದು ಪ್ರಶ್ನೆಯ ಬೆನ್ನು ಹತ್ತಿ, ಒಂದು ಶನಿವಾರ ಬೆಳಗ್ಗೆ ಮಾರ್ಗೊ ಡೊಯ್ಲ್‌ನ ಬಂದೂಕಿನ ಅಂಗಡಿಯಲ್ಲಿ, ಗಾಜಿನ ಕಪಾಟಿನ ಮುಂದೆ, ಅತ್ತೆಯ ಪಕ್ಕದಲ್ಲಿ ನಿಂತಿದ್ದಳು.

ಅಂಗಡಿಯ ಮೂಲೆಯಲ್ಲಿ ಕಾಫಿ ಪಾತ್ರೆಯ ಸುತ್ತ ಒಂದಷ್ಟು ಮುದುಕರು ಕೂತಿದ್ದರು. ಅವರು ಕೊಳ್ಳುವವರಲ್ಲ, ಕೊಳ್ಳುವವರಿಗೆ ಸಲಹೆ ಕೊಡುವವರು.

ಡೊಯ್ಲ್ ಮೊದಲು ತೆಗೆದದ್ದು ನೇರಳೆ ಹಿಡಿಯ ಒಂದು ಪುಟಾಣಿ ರಿವಾಲ್ವರ್. "ಇದು ಹೆಂಗಸರಿಗೆ ಅಂತಾನೇ ಮಾಡಿರೋದು ಮೇಡಂ. ಎತ್ತಿ ನೋಡಿ, ಹಕ್ಕಿ ಗರಿ ಇದ್ದಂಗಿದೆ."

"ಹೆಂಗಸರಿಗೆ ಅಂತ ಗಂಡಸರು ಮಾಡಿದ್ದು," ಎಂದಳು ವೈನೆಲ್. "ಹಗುರ ಇದ್ದಷ್ಟೂ ಕೈಗೆ ಒದೆಯುತ್ತೆ. ಒಂದು ಗುಂಡು ಹೊಡೆದ್ರೆ ಆಮೇಲೆ ವಾರವೆಲ್ಲ ಹಿಟ್ಟು ನಾದೋಕಾಗಲ್ಲ. ಒಳಗಿಡೋ ಅದನ್ನ."

ಡೊಯ್ಲ್ ಕೂಡ ಆ ಬಸ್ಸಿನವನೇ. ಒಳಗಿಟ್ಟ.

ಎರಡನೆಯದು ಚಪ್ಪಟೆ ಪಿಸ್ತೂಲು. ಅದರ ಮೇಲಿನ ಉಕ್ಕಿನ ಭಾಗವನ್ನು ಹಿಂದಕ್ಕೆಳೆದು ಬಿಡಬೇಕು. ಮಾರ್ಗೊ ಎಳೆದಳು, ಬರಲಿಲ್ಲ. ಕಣ್ಣು ಮುಚ್ಚಿ ಎಳೆದಳು, ಬರಲಿಲ್ಲ.

"ಎಳೀಬೇಡಿ, ಹಿಡಿಕೆ ಹಿಡಿದಿರೋ ಕೈನ ಮುಂದಕ್ಕೆ ತಳ್ಳಿ," ಎಂದ ಡೊಯ್ಲ್.

ತಳ್ಳಿದಳು. ಅದು ಅರ್ಧ ಹಿಂದಕ್ಕೆ ಬಂದು ಗಪ್ಪನೆ ಮುಚ್ಚಿಕೊಂಡಿತು. ಅವಳ ಮೊಣಕೈ, ಸಲಹೆ ಕೊಡಲೆಂದು ಹತ್ತಿರ ಬಂದಿದ್ದ ಮುದುಕರೊಬ್ಬರ ಕಾಫಿ ಲೋಟಕ್ಕೆ ಬಡಿಯಿತು.

"ಗನ್ನು ಯಾವುದಾದ್ರೂ ಆಗುತ್ತೆ ಮಗಳೇ," ಎಂದರು ಅವರು ಅಂಗಿ ಒರೆಸಿಕೊಳ್ಳುತ್ತಾ. "ಅದನ್ನ ಸಿಕ್ಕಿಸ್ಕೊಳ್ಳೋಕೆ ತಕ್ಕ ಪ್ಯಾಂಟು ಸಿಗೋದೇ ಕಷ್ಟ. ನಮ್ಮನೇಲಿ ಒಂದು ಡ್ರಾಯರ್ ತುಂಬ ಒರೆಗಳಿವೆ. ಒಂದು ಚುಚ್ಚುತ್ತೆ, ಒಂದು ಜಾರುತ್ತೆ, ಇನ್ನೊಂದು ಕೂತರೆ ಏಳೋಕೆ ಬಿಡಲ್ಲ."

"ನಿಮ್ಮ ಹೊಟ್ಟೆ ಏಳೋಕೆ ಬಿಡ್ತಿಲ್ಲ, ಒರೆ ಮೇಲೆ ಯಾಕೆ ಹಾಕ್ತೀರಿ?" ಎಂದಳು ವೈನೆಲ್.

ಮೂರನೆಯದು ಅಷ್ಟು ಚಿಕ್ಕದೂ ಅಲ್ಲ, ದೊಡ್ಡದೂ ಅಲ್ಲ. ಮಾರ್ಗೊಳ ಬೆರಳುಗಳೆಲ್ಲ ಹಿಡಿಯ ಮೇಲೆ ಕೂತವು. ಮೇಲಿನ ಭಾಗ ಹೇಳಿದ ಮಾತು ಕೇಳಿತು. ತನಗೇ ಆಶ್ಚರ್ಯವಾಗುವಂತೆ, ಅದು ಅವಳಿಗೆ ಹಿಡಿಸಿತು. ಅದರ ಹಿಂದೆಯೇ, ಅಯ್ಯೋ ನನಗಿದು ಯಾಕೆ ಹಿಡಿಸಬೇಕು ಎಂಬ ಗಾಬರಿಯೂ ಆಯಿತು.

"ಇದೇ ಸರಿ," ಎಂದ ಡೊಯ್ಲ್. "ಈಗ ಎಲ್ಲಿ ಕಟ್ಕೋತೀರಿ ಅನ್ನೋದು ನೋಡೋಣ. ಬಲ ಸೊಂಟ?"

"ಅಲ್ಲಿ ಹ್ಯಾಂಕ್ ಕೂರ್ತಾನೆ."

"ಎಡ ಸೊಂಟ?"

"ಬಲಗಡೆ ನೋವಾದ್ರೆ ಅಲ್ಲಿ ಕೂರಿಸ್ಕೋತೀನಿ."

"ಹೊಟ್ಟೆ ಮುಂದೆ?"

"ಎರಡೂ ಕಡೆಯಿಂದ ಅವನ ಕಾಲು ಅಲ್ಲಿಗೇ ಬರುತ್ತೆ."

"ಬೆನ್ನ ಹಿಂದೆ?"

"ಉಪ್ಪುಮೂಟೆ," ಎಂದಳು ಮಾರ್ಗೊ ಸೋತ ದನಿಯಲ್ಲಿ.

ಡೊಯ್ಲ್ ಟೋಪಿ ತೆಗೆದು ತಲೆ ಕೆರೆದುಕೊಂಡ. "ಅಲ್ಲಾ ಮೇಡಂ, ನಿಮ್ಮ ಮೈಮೇಲೆ ನಿಮಗೇ ಜಾಗ ಇಲ್ವಲ್ಲ! ಹಂಗಾದ್ರೆ ಬ್ಯಾಗೇ ಗತಿ."

"ಬ್ಯಾಗಾ?" ವೈನೆಲ್ ಎಷ್ಟು ಜೋರಾಗಿ ಕೂಗಿದಳೆಂದರೆ ಕಾಫಿಯವರೆಲ್ಲ ನೆಟ್ಟಗೆ ಕೂತರು. "ನಿನಗೇನು ಬುದ್ಧಿಗಿದ್ದಿ ಇದೆಯೇನೋ? ಮಗು ಇರೋ ಮನೆ ಅದು! ಹ್ಯಾಂಕ್ ಕೈ ಹಾಕದೇ ಇರೋ ಬ್ಯಾಗ್ ಈ ಜಿಲ್ಲೇಲಿ ಯಾವುದಿದೆ ತೋರಿಸು! ಒಂದೋ ಮೈಮೇಲಿರಬೇಕು, ಇಲ್ಲ ಬೀಗದೊಳಗಿರಬೇಕು. ಬ್ಯಾಗಂತೆ ಬ್ಯಾಗು!"

ಹೀಗೆಂದು, ಮಾತಿಗೆ ತೂಕ ಬರಲೆಂದು, ತನ್ನ ಕೈಚೀಲವನ್ನು ಗಾಜಿನ ಮೇಲೆ ಕುಕ್ಕಿದಳು. ಠಣ್ಣೆಂದಿತು.

ಮಾರ್ಗೊ ಕಾದಳು. ಯಾರಾದರೂ ಒಬ್ಬರು ಹೇಳಿಯಾರು. ಡೊಯ್ಲ್ ಹೇಳಿಯಾನು. ಡೊಯ್ಲ್ ಕೈಚೀಲವನ್ನು ನೋಡಿದ, ವೈನೆಲ್‌ಳನ್ನು ನೋಡಿದ, ಆಮೇಲೆ ಚಾವಣಿಯ ಫ್ಯಾನು ನೋಡಿದ. ಮುದುಕರು ಕಾಫಿಗೆ ಸಕ್ಕರೆ ಹಾಕಿಕೊಂಡರು. ಇದಕ್ಕಿಂತ ಒಳ್ಳೆಯ ಸಮಯ ದೇವರೇ ಇಳಿದುಬಂದರೂ ಕೊಡಲಾರನೆಂದು ಮಾರ್ಗೊಗೆ ಗೊತ್ತಿತ್ತು. ಬಾಯಿ ತೆರೆದಳು.

"ಮಿಸ್ ವೈನೆಲ್... ಒಂದು ಪೆಪ್ಪರ್‌ಮಿಂಟ್ ಇದೆಯಾ?"

"ಯಾಕಿಲ್ಲ ಚಿನ್ನ? ತಗೋ, ಎರಡು ತಗೋ."

ಪಿಸ್ತೂಲನ್ನು ಡೊಯ್ಲ್ ತರಗತಿ ಮುಗಿಯುವವರೆಗೆ ಎತ್ತಿಡುವುದೆಂದಾಯಿತು. ಮಾರ್ಗೊ ಒಂದು ಪೆಪ್ಪರ್‌ಮಿಂಟನ್ನು ಬಾಯಲ್ಲಿಟ್ಟುಕೊಂಡು, ಇನ್ನೊಂದನ್ನು ಚೀಲಕ್ಕೆ ಹಾಕಿಕೊಂಡು, ದಾರಿಯುದ್ದಕ್ಕೂ ತನ್ನನ್ನು ತಾನೇ ಬೈದುಕೊಳ್ಳುತ್ತಾ ಮನೆಗೆ ಬಂದಳು.

ಮರುದಿನ ಚರ್ಚಿನಿಂದ ಬಂದು ಅವಳು ಸ್ಯಾಂಡ್‌ವಿಚ್ಚಿಗೆ ಬೆಣ್ಣೆ ಸವರುವಷ್ಟರಲ್ಲಿ ಹ್ಯಾಂಕ್ ಅವಳ ಚೀಲವನ್ನು ನೆಲಕ್ಕೆ ಸುರಿದು ಆ ಪೆಪ್ಪರ್‌ಮಿಂಟನ್ನು ಪತ್ತೆ ಮಾಡಿದ್ದ. ಕೆನ್ನೆ ಉಬ್ಬಿಸಿಕೊಂಡು ಚೀಪುತ್ತಾ, ಖಾಲಿ ಚೀಲದೊಳಗೆ ತಲೆ ತೂರಿಸಿ, "ಒಂದೇನಾ?" ಎಂದ.

"ಒಂದೇ ಕಣೋ. ಸಾಕು."

"ಅಜ್ಜಿ ಬ್ಯಾಗಲ್ಲಿ ತುಂಬ ಇದೆ," ಎಂದ ಹ್ಯಾಂಕ್, ತಿಳಿದವರು ತಿಳಿಯದವರಿಗೆ ಹೇಳುವಂತೆ. "ಕೆಳಗಡೆ ಇದೆ. ಭಾರದ್ದು ಇದೆಯಲ್ಲ, ಅದನ್ನ ಎತ್ತಿ ಪಕ್ಕಕ್ಕೆ ಇಡಬೇಕು. ಆಮೇಲೆ ಸಿಗುತ್ತೆ."

ಮಾರ್ಗೊಳ ಕೈಯಲ್ಲಿದ್ದ ಚಾಕು ಬೆಣ್ಣೆಯಲ್ಲೇ ನಿಂತಿತು. ಅವಳು ಮಗನನ್ನು ಬಾಚಿ ಸೊಂಟದ ಮೇಲೆ ಕೂರಿಸಿಕೊಂಡಳು, ಬೆಣ್ಣೆಗೈಯಲ್ಲೇ ಫೋನು ಎತ್ತಿದಳು. ಯೋಚಿಸಿದರೆ ಕೆಟ್ಟೆನೆಂದು ಯೋಚಿಸಲಿಲ್ಲ.

"ಹಲೋ, ಯಾರು, ಮಾರ್ಗೊನಾ? ಒಳ್ಳೇದಾಯ್ತು, ನಾನೇ ಮಾಡೋಣ ಅಂತಿದ್ದೆ, ಆ ಪಾದ್ರಿ ಹೆಂಡತಿ ಇವತ್ತು—"

"ಮಿಸ್ ವೈನೆಲ್, ಗುರುವಾರ ಹ್ಯಾಂಕ್ ಅಲ್ಲಿರುವಾಗ ನಿಮ್ಮ ರಿವಾಲ್ವರ್ ಎಲ್ಲಿರುತ್ತೆ?"

ಆ ಕಡೆ ನಲ್ಲಿಯ ನೀರು ನಿಂತಿತು.

"ಅಂದ್ರೆ?" ವೈನೆಲ್‌ಳ ದನಿ ಕನ್ನಡಿಯಲ್ಲಿ ನೋಡುವ ದನಿಯಾಯಿತು. "ಇಡೀ ಊರಿನ ಮಕ್ಕಳನ್ನ ಬಸ್ಸಲ್ಲಿ ಕರ್ಕೊಂಡು ಹೋಗಿ ಕರ್ಕೊಂಡು ಬಂದೋಳು ನಾನು. ಒಂದು ಮಗುವಿಗೆ ಒಂದು ಗೀರು ಬಿದ್ದಿಲ್ಲ."

"ಗೊತ್ತು. ಎಲ್ಲಿರುತ್ತೆ?"

ತನ್ನ ಬಾಯಿಂದ ಬಂದ ಮಾತು ಕೇಳಿ ಮಾರ್ಗೊಗೇ ನಂಬಲಾಗಲಿಲ್ಲ. ಮಗನನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿಕೊಂಡಳು.

"ಬ್ಯಾಗಲ್ಲಿ," ಎಂದಳು ವೈನೆಲ್.

"ಅವನು ಅದನ್ನ ಎತ್ತಿ ಪಕ್ಕಕ್ಕಿಟ್ಟು ಪೆಪ್ಪರ್‌ಮಿಂಟ್ ತಗೋತಾನಂತೆ. ಈಗ ತಾನೇ ಹೇಳಿದ."

ಆ ಕಡೆ ಕುರ್ಚಿಯೊಂದು ಕಿರುಗುಟ್ಟಿತು. ಭಾರವಾಗಿ ಕೂತ ಸದ್ದು.

"ಏಸುವೇ," ಎಂದಳು ವೈನೆಲ್, ಚರ್ಚಿನಲ್ಲಿ ಎಂದೂ ಅನ್ನದಷ್ಟು ಮೆಲ್ಲಗೆ. "ಮೊನ್ನೆ ಅದು ಬ್ಯಾಗಿನ ಇನ್ನೊಂದು ಮೂಲೆಗೆ ಹೋಗಿತ್ತು ಕಣೇ. ನಾನೇ ಇಟ್ಟೆ ಅನ್ಕೊಂಡೆ."

ಅವಳು ಎದ್ದು ಚೀಲದ ಕೊಂಡಿ ತೆಗೆದ ಸದ್ದು ಕೇಳಿಸಿತು.

"ಫ್ರಿಜ್ ಮೇಲೆ ಇಡ್ಲಾ?"

"ಕುರ್ಚಿ ಎಳ್ಕೊಂಡು ಬರ್ತಾನೆ."

"ಬೀರುವಿನಲ್ಲಿ?"

"ಬೀಗದ ಕೈ ಎಲ್ಲಿಡ್ತೀರಿ?"

"ಬೀರುವಿಗೇ ಸಿಕ್ಕಿಸಿರ್ತೀನಿ... ರಾಯ್ಸ್‌ನ ಹಳೇ ಟ್ರಕ್ಕಿದೆ."

"ಹೋದ ತಿಂಗಳು ಅದರ ಹಾರನ್ ಹೊಡೆದು ನಿಮ್ಮ ಪಕ್ಕದ ಮನೆಯವರನ್ನ ಎಬ್ಬಿಸಿದ್ದು ಯಾರು?"

"ಹೌದಲ್ಲಾ!" ಭಯದ ನಡುವೆಯೂ ವೈನೆಲ್‌ಳ ದನಿಯಲ್ಲಿ ಒಂದು ಚೂರು ಹೆಮ್ಮೆ ಇಣುಕಿತು, ಅವಳೇ ಅದನ್ನು ನುಂಗಿಕೊಂಡಳು. "ಡೊಯ್ಲ್ ಹತ್ರ ಬೆರಳಚ್ಚು ಹೊಂದಿದರೆ ಮಾತ್ರ ತೆಗೆಯೋ ಕಬ್ಬಿಣದ ಪೆಟ್ಟಿಗೆ ಇದೆ. ನನ್ನ ಬೆರಳಿಗೆ ತೆಗೀಬೇಕು, ಹ್ಯಾಂಕ್ ಬೆರಳಿಗೆ ತೆಗೀಬಾರದು."

"ಇವತ್ತು ಭಾನುವಾರ. ಅಂಗಡಿ ಮುಚ್ಚಿರುತ್ತೆ."

"ಅವನ ಮನೆ ನನಗೆ ಗೊತ್ತಿಲ್ವಾ? ದಿನಾ ಅವನ ಬಾಗಿಲಲ್ಲೇ ಬಸ್ಸು ನಿಲ್ಲಿಸ್ತಿದ್ದೆ. ಊಟದಿಂದ ಎಬ್ಬಿಸ್ಕೊಂಡು ಬರ್ತೀನಿ. ನಿನ್ನ ಪಿಸ್ತೂಲಿಗೂ ಒಂದು ಪೆಟ್ಟಿಗೆ ತರ್ಲಾ?"

ಮಾರ್ಗೊ ತನ್ನ ಸೊಂಟದ ಮೇಲೆ ಕೂತು, ಅವಳ ಕತ್ತಿನ ಸರದ ಕೊಂಡಿಯನ್ನು ಬಿಚ್ಚಿ ಕೈಯಲ್ಲಿ ಹಿಡಿದಿದ್ದ ಮಗನನ್ನು ನೋಡಿದಳು. "ಅದು ಡೊಯ್ಲ್ ಹತ್ರಾನೇ ಇರ್ಲಿ, ಮಿಸ್ ವೈನೆಲ್. ಇವನು ನನ್ನ ಸೊಂಟದಿಂದ ಕೆಳಗಿಳಿದ ಮೇಲೆ ನೋಡೋಣ."

"ಹೂಂ. ಫೋನ್ ಇಡಬೇಡ ಕಣೇ. ಗುಂಡು ತೆಗೀತಿದೀನಿ. ಇಲ್ಲೇ ಇರು."

"ಇದ್ದೀನಿ," ಎಂದಳು ಮಾರ್ಗೊ, ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡು. ಆ ಕಡೆ ಪಿಂಗಾಣಿ ಬಟ್ಟಲಿಗೆ ಗುಂಡುಗಳು ಒಂದಾದ ಮೇಲೊಂದು ಬಿದ್ದವು. ಕೊನೆಯದು ಬೀಳುವವರೆಗೂ ಅವಳು ಕೇಳಿಸಿಕೊಂಡಳು.