ಕಿಟಕಿ ಅಕ್ಕನ ಎರಡನೇ ಪ್ರಶ್ನೆ

ಔಷಧಿ ಬಾಟಲಿಯ ರಬ್ಬರ್ ಬಿರಡೆ ತೆಗೆದಾಗ ಬರುವ ಕಹಿ ವಾಸನೆಯಿಂದ ಕಿಟಕಿ ಅಕ್ಕನಿಗೆ ಇಂದಿಗೂ ಅಪ್ಪನ ಅಂಗಿ ನೆನಪಾಗುತ್ತದೆ. ಅಪ್ಪ ಕಾಂಪೌಂಡರ್. ಸಂಜೆ ಅವರ ತೋಳಿಗೆ ಮೂಗು ಒತ್ತಿ, ಇವತ್ತು ಬೆರೆಸಿದ್ದು ಕೆಮ್ಮಿನ ಔಷಧಿಯೋ ಹೊಟ್ಟೆನೋವಿನದೋ ಎಂದು ಮಗಳು ಹೇಳಿಬಿಡುತ್ತಿದ್ದಳು.

ಈಗ ಬೆಳಗಿನ ಆರು ಗಂಟೆ. ಆಸ್ಪತ್ರೆಯ ಔಷಧಿ ಕಿಟಕಿಯ ಕದ ಸರಿಸಿದ ಅಕ್ಕ ಕಟ್ಟೆ ಒರೆಸುತ್ತಾರೆ, ಹೊರಗೆ ಬಂದು ಬೆಂಚನ್ನು ಗೋಡೆಗೆ ಒತ್ತರಿಸುತ್ತಾರೆ. ನೋವು ತಿನ್ನುವವರಿಗೆ ಒರಗಲು ಏನಾದರೂ ಬೇಕಲ್ಲ. ದಿನಕ್ಕೆ ಇನ್ನೂರು ಚೀಟಿ, ಇಪ್ಪತ್ತೊಂಬತ್ತು ವರ್ಷ, ಇದೇ ಕಿಟಕಿ. ಗಂಡ ಹಾಸಿಗೆ ಹಿಡಿದಿದ್ದ ಆರು ವರ್ಷವೂ ಕದ ತಡವಾಗಿ ತೆರೆದದ್ದಿಲ್ಲ.

ಚೀಟಿಗಳಲ್ಲಿ ನಾಲ್ಕೈದು ಮೂತ್ರನಾಳದ ಕಲ್ಲಿನವು. ಅವುಗಳಲ್ಲಿ ವೈದ್ಯರು ಬರೆಯುವುದು ಆಲ್ಫಾ ಬ್ಲಾಕರ್ ಎಂಬ ಪುಟ್ಟ ಮಾತ್ರೆ.

"ಇದು ಕಲ್ಲು ಕರಗಿಸಲ್ಲ," ಅಕ್ಕ ಪ್ರತಿಯೊಬ್ಬರಿಗೂ ಹೇಳುತ್ತಾರೆ. "ಬಿಗಿ ಹಿಡ್ಕೊಂಡಿರೋ ನಾಳಕ್ಕೆ 'ಸ್ವಲ್ಪ ದಾರಿ ಬಿಡಪ್ಪಾ' ಅನ್ನುತ್ತೆ, ಅಷ್ಟೇ. ಎಲ್ಲರ ಕಲ್ಲೂ ಹೋಗಲ್ಲ, ಅದನ್ನೂ ಹೇಳ್ಬಿಡ್ತೀನಿ."

ಹೋದ ತಿಂಗಳು ದರ್ಜಿ ಹೆಂಗಸೊಬ್ಬಳು ಈ ಮಾತ್ರೆಯನ್ನು ವಾಪಸ್ ತಂದಳು. ಆರು ಮಿಲಿಮೀಟರ್ ಕಲ್ಲು ಮೂತ್ರಕೋಶದ ಹೊಸ್ತಿಲಲ್ಲೇ ಸಿಕ್ಕಿಕೊಂಡಿತ್ತು. ನಾಲ್ಕು ವಾರದಲ್ಲಿ ಜಾರದಿದ್ದರೆ ಶಸ್ತ್ರಚಿಕಿತ್ಸೆ, ಅದಕ್ಕೆ ದಿನಾಂಕವೂ ನಿಗದಿಯಾಗಿತ್ತು. ಅವಳ ತಾಯಿ ಶಸ್ತ್ರಚಿಕಿತ್ಸೆಯ ಕೋಣೆಗೆ ಹೋದವಳು ಮರಳಿರಲಿಲ್ಲ. ಆ ಬಾಗಿಲೆಂದರೆ ಇವಳಿಗೆ ಭಯ. ಆದರೂ ಮಾತ್ರೆ ಬೇಡವಂತೆ.

"ನಮ್ಮ ಮಾವ ನುಂಗೋದೂ ಇದೇ, ಗಂಡಸರಿಗೆ ಬರೋ ಪ್ರಾಸ್ಟೇಟ್ ತೊಂದರೆಗೆ. ನಿಂಗೂ ಮೀಸೆ ಬರುತ್ತೆ ನೋಡ್ತಿರು ಅಂತಾರೆ ಅತ್ತೆ."

"ಮಾತ್ರೆಗೆ ಮೀಸೆ ಕಾಣಲ್ಲ ಕಣಮ್ಮ. ಅಲ್ಲೂ ಸಡಿಲ ಮಾಡೋದೇ ಅದರ ಕೆಲಸ."

ಅಕ್ಕ ವೈದ್ಯರನ್ನೂ ಫೋನಿನಲ್ಲಿ ಕೇಳಿ ಖಚಿತಪಡಿಸಿಕೊಂಡರು. ಮಧ್ಯಾಹ್ನ ಊಟದ ಮೇಲೆ ಒಂದು, ತಲೆ ಸುತ್ತಬಹುದು, ಏಳುವಾಗ ನಿಧಾನ, ಮೂತ್ರ ಜರಡಿಯಲ್ಲಿ ಸೋಸಬೇಕು, ಜ್ವರ ಬಂದರೆ ಆ ಕ್ಷಣವೇ ಓಡಿಬರಬೇಕು ಎಂದು ಬಿಡಿಸಿ ಹೇಳಿ, ಮಾತ್ರೆಯನ್ನು ಅವಳ ಕೈಗೇ ಮರಳಿಸಿದರು. ಮೂರನೇ ದಿನ ಎರಡು ಗಂಟೆಗೆ ತಾವೇ ಫೋನ್ ಮಾಡಿ, ಊಟ ಆಯ್ತಾ ಎಂದರು. ಆಯ್ತಕ್ಕಾ ಎಂದಳು. ಹಾಗಾದರೆ ನುಂಗು ಎಂದರು.

ಸಂಜೆ ಹೊಲಿಗೆ ಯಂತ್ರದ ಮುಂದಿನಿಂದ ಎದ್ದವಳೇ ಕಣ್ಣು ಕತ್ತಲೆಗಟ್ಟಿ ಬಿದ್ದಳು. ಹುಬ್ಬು ಒಡೆಯಿತು. ಬೆಳಗಿನಿಂದ ಅವಳ ಹೊಟ್ಟೆಗೆ ಒಂದು ತುತ್ತೂ ಬಿದ್ದಿರಲಿಲ್ಲ. ಊಟ ಆಯ್ತಾ ಎಂದರೆ ಆಯ್ತು ಎನ್ನುವುದು ನಮ್ಮ ನಾಲಿಗೆಯ ಮರ್ಯಾದೆ. ಹೊಟ್ಟೆಯನ್ನು ಯಾರೂ ಕೇಳುವುದಿಲ್ಲ. ವೈದ್ಯರು ಇಳಿದಿದ್ದ ರಕ್ತದೊತ್ತಡ ನೋಡಿ, ಖಾಲಿ ಹೊಟ್ಟೆಗೆ ಈ ಮಾತ್ರೆ ತಲೆ ಸುತ್ತಿಸುತ್ತದೆ, ತಿಂದೇ ನುಂಗಬೇಕೆಂದು ಗದರಿ ಮಾತ್ರೆ ಮುಂದುವರಿಸಿದರು.

ಅಂದಿನಿಂದ ಕಿಟಕಿಯಲ್ಲಿ ಎರಡನೇ ಪ್ರಶ್ನೆಯೊಂದು ಸೇರಿದೆ: "ಏನು ತಿಂದ್ರಿ?" ಅಕ್ಕ ಫೋನ್ ಮಾಡಿದಾಗ ದರ್ಜಿಯ ಮನೆಯಲ್ಲಿ ಇದಕ್ಕೆ ಉತ್ತರ ಕೊಡುತ್ತಿದ್ದವರು ಅತ್ತೆ. ಮೀಸೆಯ ಮಾತಾಡಿದವರೇ ಹೊತ್ತಿಗೆ ಸರಿಯಾಗಿ ತಟ್ಟೆ ಬಡಿಸಿ, ಸೊಸೆಯ ಕೈಯಿಂದ ಫೋನ್ ಕಿತ್ತುಕೊಂಡು ಎಷ್ಟು ತುತ್ತೆಂದು ಒಪ್ಪಿಸುತ್ತಿದ್ದರು.

ಹತ್ತೊಂಬತ್ತನೇ ದಿನ ಜರಡಿಯಲ್ಲಿ ಟಣ್ ಎಂದಿತು. ಅಂಗಿ ಗುಂಡಿ ಇಡುವ ಡಬ್ಬಿಯಲ್ಲಿ ಮೆಣಸಿನ ಕಾಳಿನಷ್ಟು ಕಲ್ಲು ಆಸ್ಪತ್ರೆಗೆ ಮೆರವಣಿಗೆ ಬಂತು. ಸ್ಕ್ಯಾನ್‌ನಲ್ಲಿ ನಾಳ ಖಾಲಿ. ವೈದ್ಯರು ಶಸ್ತ್ರಚಿಕಿತ್ಸೆಯ ಪಟ್ಟಿಯಲ್ಲಿ ಅವಳ ಹೆಸರಿಗೆ ಗೆರೆ ಎಳೆದರು. ನೋವಿನಲ್ಲಿ ಬಾಗಿದ್ದ ಬೆಂಚಿನವರೂ ಚಪ್ಪಾಳೆ ತಟ್ಟಿದರು.

"ನನ್ನ ಕೈಯಿಂದ ತಪ್ಪು ಮಾತ್ರೆ ಒಂದೂ ಹೋಗಿಲ್ಲ," ಎನ್ನುತ್ತಾರೆ ಅಕ್ಕ. "ತಪ್ಪು ಪ್ರಶ್ನೆ ಒಂದು ಹೋಗಿತ್ತು. ಅದನ್ನ ತಿದ್ದಿದೀನಿ."

ಇವತ್ತು ಆ ಶಸ್ತ್ರಚಿಕಿತ್ಸೆಗೆ ನಿಗದಿಯಾಗಿದ್ದ ದಿನ. ಎರಡೂವರೆಯಾಗಿದೆ, ಸಾಲು ಇನ್ನೂ ಕರಗಿಲ್ಲ. ಸಾಲಿನ ಕೊನೆಯಲ್ಲಿ ದರ್ಜಿ ನಿಂತಿದ್ದಾಳೆ. ಹುಬ್ಬಿನ ಗಾಯ ಮಾಸಿದೆ, ಕೈಯಲ್ಲಿ ಚೀಟಿಯಿಲ್ಲ. ಸರದಿ ಬಂದಾಗ ಕೇಳುತ್ತಾಳೆ:

"ಊಟ ಆಯ್ತಾ ಅಕ್ಕಾ?"

"ಆಯ್ತಮ್ಮ."

"ಏನು ತಿಂದ್ರಿ?"

ಮಾತ್ರೆ ಎಣಿಸುತ್ತಿದ್ದ ಅಕ್ಕನ ಬೆರಳು ನಿಲ್ಲುತ್ತದೆ. ದರ್ಜಿ ಮತ್ತೇನೂ ಕೇಳದೆ, ಬಟ್ಟೆಯಲ್ಲಿ ಸುತ್ತಿದ ಬಿಸಿ ಊಟದ ಡಬ್ಬಿಯೊಂದನ್ನು ಕಿಟಕಿಯ ಕೆಳಗಿನ ಸಂದಿನಿಂದ ಮೆಲ್ಲಗೆ ಒಳಕ್ಕೆ ಸರಿಸುತ್ತಾಳೆ.