ಪೇಂಟರ್ ಎಂಬ ಸಾಲು

ಅವನ ಅಕ್ಷರವೆಂದರೆ ಮುತ್ತು ಪೋಣಿಸಿದ ಹಾಗೆ. ಅಂಗಡಿ ಬೋರ್ಡೋ ಲಾರಿಯ ಹಿಂಬದಿಯೋ, ಏನೇ ಬರೆಯಲಿ, ಅಡಿಗೆರೆ ಎಳೆದುಕೊಂಡವನಲ್ಲ. ಸಾಲು ನೂಲು ಹಿಡಿದಂತೆ ನೆಟ್ಟಗೆ ಬರುತ್ತಿತ್ತು. ಊರಿಗೆಲ್ಲ ಅವನು ನೂಲಣ್ಣ.

ಸರ್ಕಾರದ ದುಡ್ಡಿನಲ್ಲಿ ಏಳುತ್ತಿದ್ದ ಶಾಲೆಗೆ ಬಣ್ಣ ಬಳಿಯಲು ಹೋದಾಗ ಕಂಟ್ರಾಕ್ಟರು ಅವನ ಕೈಗೊಂದು ತಗಡು, ಒಂದು ಚೀಟಿ ಕೊಟ್ಟ. ಯಾವ ಕೆಲಸಕ್ಕೆ ದಿನಕ್ಕೆಷ್ಟು ಕೂಲಿ ಎಂದು ಬರೆದು ಗೇಟಿಗೆ ಹಾಕಲೇಬೇಕು, ಅದು ಕಾನೂನು. ನೂಲಣ್ಣ ಚೀಟಿ ನೋಡುತ್ತ ಬರೆದ: ಗಾರೆಯವರು, ಬಡಗಿ, ಕಂಬಿ ಕಟ್ಟುವವರು. ಕೊನೆಗೆ ಚೀಟಿಯಲ್ಲಿ ‘ಪೇಂಟರ್, ಒಂಬೈನೂರು’ ಎಂದಿತ್ತು. ಅವನಿಗೆ ಸಿಗುತ್ತಿದ್ದದ್ದು ನಾನೂರು. ಕುಂಚ ಗಾಳಿಯಲ್ಲೇ ನಿಂತಿತು.

“ಸಾಹೇಬ್ರೇ, ಇದು...”

“ಅದು ಬರೆಯೋ ಕೂಲಿ, ಇದು ಕೊಡೋ ಕೂಲಿ. ಬೇಡ ಅಂದ್ರೆ ಕುಂಚ ಇಟ್ಟು ಹೋಗು.”

ಬಡವನ ಸಿಟ್ಟು ದವಡೆಗೆ ಮೂಲ. ನುಂಗಿಕೊಂಡು ಬರೆದು ಮುಗಿಸಿದ.

“ಕತ್ತೆ ಹಾಗೆ ದುಡಿದು ನಾನೂರು ತರ್ತೀರಲ್ಲ, ಬಾಯಿ ಬಿಟ್ಟು ಕೇಳೋಕೇನು ದಾಡಿ?” ಎಂದು ಹೆಂಡತಿ ದಿನವೂ ರೇಗುತ್ತಿದ್ದಳು.

“ನಮ್ಮ ಕೆಲ್ಸಕ್ಕೆ ಇರೋದೇ ಅಷ್ಟು ಕಣೇ” ಎನ್ನುತ್ತಿದ್ದ.

ಅವನು ತೀರಿಕೊಂಡ ಮೇಲೆ ಅವಳು ಅದೇ ಶಾಲೆಗೆ ಕಸ ಗುಡಿಸಲು ಸೇರಿದಳು. ಮೊದಲ ದಿನವೇ, ಸಾಮಾನು ಕೋಣೆಯಲ್ಲಿ ಪೊರಕೆ ಹುಡುಕುವಾಗ ಆ ತಗಡು ಸಿಕ್ಕಿತು. ಗಂಡನ ಕೈಬರಹವೆಂದು ಯಾರೂ ಹೇಳಬೇಕಿರಲಿಲ್ಲ. ಅಂಗೈಯಿಂದ ಧೂಳು ಒರೆಸಿ ಒಂದೊಂದೇ ಸಾಲು ಓದಿದಳು. ಎಲ್ಲವೂ ನೂಲು ಹಿಡಿದಂತಿದ್ದವು. ಕೊನೆಯ ಸಾಲು ಮಾತ್ರ ಸೊಟ್ಟಗೆ ಕೆಳಕ್ಕಿಳಿದಿತ್ತು.